ಅಂಗಳದ ಗಂಡು ಪರಂಗಿ

ಸವಳಂಗದ ಷಣ್ಮುಖಪ್ಪನ ಮನೆಯಲ್ಲಿ ಫಲ ಕೊಡದೆ ನಿಂತಿದ್ದ ಜೀವ ಎರಡು. ಒಂದು ಸೊಸೆ ಯಶೋಧರಾ, ಇನ್ನೊಂದು ಅಂಗಳದ ಪರಂಗಿ ಗಿಡ. ಸೊಸೆ ಬಂದು ಐದು ವರ್ಷವಾಗಿತ್ತು, ಗಿಡಕ್ಕೆ ಎರಡನೇ ವರ್ಷ ನಡೆಯುತ್ತಿತ್ತು. ಅತ್ತೆ ಅಜ್ಜಮ್ಮ ಎರಡನ್ನೂ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸುವಾಗ ಗಿಡದ ಮುಂದೆ ಶುರುವಾದ ಮಾತು ಒಲೆಯ ಮುಂದೆ ಬಂದು ಮುಗಿಯುತ್ತಿತ್ತು. ನೀರು ಕಂಡಿದ್ದೇನು, ನೆರಳು ಕಂಡಿದ್ದೇನು, ಹೊತ್ತೊತ್ತಿಗೆ ಹಾಕಿದ್ದೇನು, ಕೊನೆಗೆ ಕೊಟ್ಟಿದ್ದೇನು ಎಂದು ಅವಳು ಕೇಳುವಾಗ ಎಲ್ಲಿ ಗಿಡ ಮುಗಿದು ಎಲ್ಲಿ ಸೊಸೆ ಶುರುವಾದಳೆಂದು ಪಕ್ಕದ ಮನೆಯವರಿಗೆ ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿಯಬೇಕಾಗಿಯೂ ಇರಲಿಲ್ಲ. ಎರಡೂ ಒಂದೇ ಸುದ್ದಿ.

ಗಿಡ ನೆಟ್ಟವಳು ಯಶೋಧರಾಳೇ. ಅವಳ ತವರು ಜಗಳೂರಿನ ಕಡೆ. ಅಲ್ಲಿ ತಾಯಿ ಗಾದ್ರಮ್ಮ ಬಚ್ಚಲ ನೀರು ಹರಿದುಹೋಗುವ ದಾರಿಗುಂಟ ಪರಂಗಿ ಬೆಳೆಸಿದ್ದಳು. ಮನೆಗೆ ಬಂದವರನ್ನು ಬರಿಗೈಲಿ ಕಳಿಸಿದವಳಲ್ಲ. ತವರಿಂದ ಬರುವಾಗ ಯಶೋಧರಾ ಒಂದು ಒಳ್ಳೆ ಹಣ್ಣಿನ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಕರ್ಚೀಪಿನಲ್ಲಿ ಗಂಟು ಕಟ್ಟಿಕೊಂಡು ಬಂದಳು. ತಾಯಿ ಮಾಡುತ್ತಿದ್ದ ಹಾಗೆಯೇ ಅಂಗಳದಲ್ಲಿ ಗುಂಡಿ ತೆಗೆದು, ಒಂದೇ ಗುಂಡಿಗೆ ನಾಲ್ಕು ಸಸಿ ಇಟ್ಟಳು. ಪರಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವ ತನಕ ಯಾವುದು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಾಲ್ಕು ಇಟ್ಟು, ಹೂವಿನ ಮುಖ ನೋಡಿ, ಹೆಣ್ಣನ್ನು ಉಳಿಸಿಕೊಂಡು ಗಂಡನ್ನು ಕಿತ್ತು ಹಾಕಬೇಕು. ಇಡೀ ಹಿತ್ತಲಿಗೆ ಗಂಡು ಒಂದಿದ್ದರೆ ಸಾಕು. ಗಾದ್ರಮ್ಮನ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದನ್ನು ಅಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಅಜ್ಜಮ್ಮನ ಮನೆಯದು ಮೆಕ್ಕೆಜೋಳದ ಬೇಸಾಯ. ಮೆಕ್ಕೆಜೋಳದಲ್ಲಿ ಒಂದು ಕುಣಿಗೆ ಎರಡು ಮೂರು ಸಸಿ ಎದ್ದರೆ ಬಡಕಲದ್ದನ್ನು ಕಿತ್ತು ಗಟ್ಟಿಯದನ್ನು ಬಿಡುತ್ತಾರೆ. ಸೊಸೆ ರೇಷನ್ ತರಲು ಹೋಗಿದ್ದ ಹೊತ್ತಿನಲ್ಲಿ ಅಜ್ಜಮ್ಮ ಅಂಗಳದ ಗುಂಡಿಯ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಅದನ್ನೇ ಮಾಡಿದಳು. ಮೊಳದುದ್ದ ಬಂದಿದ್ದ ನಾಲ್ಕರಲ್ಲಿ ಮೂರನ್ನು ಕಿತ್ತು ತಿಪ್ಪೆಗೆ ಎಸೆದು, ಎಲ್ಲಕ್ಕಿಂತ ಎತ್ತರವಾಗಿ, ದಪ್ಪ ಕಾಂಡ ಬಿಟ್ಟುಕೊಂಡು ನಿಂತಿದ್ದ ಒಂದನ್ನು ಉಳಿಸಿದಳು. ಸೊಸೆ ಬಂದು ಅಯ್ಯೋ ಅತ್ತೆ, ಹೂ ಬರೋ ತನಕ ಕಾಯಬೇಕಿತ್ತು ಎಂದದ್ದಕ್ಕೆ, ಮೂರು ವರ್ಷದಿಂದ ಕಾಯ್ತಾನೇ ಇದ್ದೀನಲ್ಲ ಎಂದಳು.

ಯಶೋಧರಾ ಹಿತ್ತಲಿಗೆ ಹೋಗಿ, ತಿಪ್ಪೆಯ ಮೇಲೆ ಕತ್ತು ಬಾಗಿಸಿ ಬಿದ್ದಿದ್ದ ಮೂರರಲ್ಲಿ ಬೇರು ಹರಿಯದೆ ಉಳಿದಿದ್ದ ಒಂದನ್ನು ಎತ್ತಿ, ತಿಪ್ಪೆಯ ಮಗ್ಗುಲಿಗೆ ಕೈಯಿಂದಲೇ ತೂತು ಮಾಡಿ ಊರಿ, ಮುಸುರೆ ತೊಳೆದ ನೀರು ಹೊಯ್ದು ಬಂದಳು. ಅದು ಮಳೆಗಾಲ. ಸಸಿ ಬದುಕಿತು.

ಕೆಲವು ತಿಂಗಳಿಗೆ ಅಂಗಳದ ಗಿಡ ಹೂ ಬಿಟ್ಟಿತು. ಬಿಟ್ಟಿತೆಂದರೆ ಸಾಮಾನ್ಯವಾಗಿ ಅಲ್ಲ. ಎಲೆಯ ಸಂದಿಸಂದಿಯಿಂದ ಮೊಳದುದ್ದದ ತೊಟ್ಟುಗಳು ಜೋತುಬಿದ್ದು, ಪ್ರತಿ ತೊಟ್ಟಿಗೂ ಗೊಂಚಲು ಗೊಂಚಲು ಸಣ್ಣ ಹೂ. ಸಂಜೆ ಬೀದಿಗೆಲ್ಲ ಘಮ. ಅಜ್ಜಮ್ಮ ಬಂದವರಿಗೆಲ್ಲ ತೋರಿಸಿದಳು. ಯಶೋಧರಾ ಆ ಜೋತಾಡುವ ತೊಟ್ಟು ನೋಡಿದ ಕೂಡಲೇ ಇದು ಗಂಡು ಗಿಡ, ಕಾಯಿ ಬಿಡಲ್ಲ ಎಂದು ಹೇಳಿದಳು. ಆ ಮನೆಯಲ್ಲಿ ಗಂಡು ಎಂಬ ಮಾತನ್ನು ಯಾರೂ ಯಾವತ್ತೂ ದೂರಿನ ಹಾಗೆ ಕೇಳಿಸಿಕೊಂಡಿರಲಿಲ್ಲ. ಹಾಗಾಗಿ ಯಾರಿಗೂ ಕೇಳಿಸಲಿಲ್ಲ.

ತಿಪ್ಪೆಯ ಗಿಡವೂ ಹೂ ಬಿಟ್ಟಿತು. ಅದರ ಹೂವಿಗೆ ತೊಟ್ಟೇ ಇಲ್ಲ; ಕಾಂಡಕ್ಕೆ ಒತ್ತಿಕೊಂಡು ಕೂತ ದಪ್ಪ ದಪ್ಪ ಹೂ, ಬುಡದಲ್ಲಿ ಬಟಾಣಿಯಷ್ಟು ಕಾಯಿ. ಬಟಾಣಿ ನಿಂಬೆಯಾಯಿತು, ನಿಂಬೆ ತೆಂಗಿನಕಾಯಿಯಾಯಿತು, ಎದೆಮಟ್ಟದ ಗಿಡ ಮೈತುಂಬ ಕಾಯಿ ಹೊತ್ತು ನಿಂತಿತು. ಹಣ್ಣು ಕೊಯ್ದಾಗ ಷಣ್ಮುಖಪ್ಪ ಮೂರು ಹೋಳು ತಿಂದು, ಸಕ್ಕರೆ ಐತೆ ಎಂದ. ಅಜ್ಜಮ್ಮ ಬೀದಿಗೆಲ್ಲ ಹಂಚಿದಳು. ಹಂಚುವಾಗ ಹೇಳಿದ್ದೇನೆಂದರೆ, ಇದು ತಿಪ್ಪೇಲಿ ತಾನಾಗೇ ಹುಟ್ಟಿದ್ದು, ಯಾರ ಕೈಯೂ ತಾಗಿಲ್ಲ, ಅದಕ್ಕೇ ಹಿಂಗೆ ಕಾಯಿ ಹಿಡಿದೈತೆ. ಅಂಗಳದ್ದು ಅವಳು ನೆಟ್ಟಿದ್ದು. ನೀವೇ ನೋಡ್ರಿ.

ಜನ ನೋಡಿದರು. ಹಣ್ಣು ತಿನ್ನುತ್ತಾ ಹೌದೌದೆಂದರು. ತಾನು ಊರಿದ್ದನ್ನು ಯಶೋಧರಾ ಹೇಳಲಿಲ್ಲವೆಂದಲ್ಲ. ಎರಡು ಸಲ ಹೇಳಿದಳು. ಎರಡನೇ ಸಲ ಅಜ್ಜಮ್ಮ, ಹಂಗಾದ್ರೆ ಅದೂ ಒಣಗ್ತಿತ್ತು ಬಿಡು ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು.

ಅಂಗಳದ ಗಿಡಕ್ಕೆ ಚಿಕಿತ್ಸೆ ಶುರುವಾಯಿತು. ಮೊದಲು ಕಣ್ಣುದೃಷ್ಟಿಗೆಂದು ಹರಿದ ಚಪ್ಪಲಿ ಮತ್ತು ಸವೆದ ಪೊರಕೆ ಕಟ್ಟಿದರು. ಆಮೇಲೆ ಮೊಳೆ. ಯಶೋಧರಾಳ ಗಂಡ ಮಾಲತೇಶನದು ಸರ್ಕಲ್ಲಿನಲ್ಲಿ ವೆಲ್ಡಿಂಗ್ ಅಂಗಡಿ; ಊರಿನ ಅರ್ಧ ಗೇಟು ಅವನು ಮಾಡಿದ್ದೇ. ಅವನು ಬೆರಳುದ್ದದ ಮೊಳೆ ತಂದು, ತಾಯಿ ತೋರಿಸಿದ ಕಡೆ ಗಿಡದ ಕಾಂಡಕ್ಕೆ ಹೊಡೆದ. ಹಾಲು ಸುರಿಯಿತು. ಹೊಡೆದರೆ ಗಿಡಕ್ಕೆ ಬುದ್ಧಿ ಬಂದು ಕಾಯಿ ಕಚ್ಚುತ್ತದಂತೆ. ಗಿಡ ಇನ್ನೂ ನಾಲ್ಕು ಗೊಂಚಲು ಹೂ ಹೆಚ್ಚಿಗೆ ಬಿಟ್ಟಿತು.

ಸೊಸೆಗೂ ಅಷ್ಟೇ ಮುತುವರ್ಜಿಯಿಂದ ಮಾಡಿದ್ದರು. ತೀರ್ಥರಾಮೇಶ್ವರದಲ್ಲಿ ಒದ್ದೆ ಸೀರೆಯಲ್ಲಿ ಪ್ರದಕ್ಷಿಣೆ ಹಾಕಿಸಿದ್ದರು, ತೋಳಿಗೆ ದಾರ, ಸೊಂಟಕ್ಕೆ ತಾಯಿತ, ಸೋಮವಾರ ಉಪವಾಸ, ನಾಟಿ ಔಷಧಿಯವನ ಕಹಿ ಪುಡಿ. ಹೊನ್ನಾಳಿಯ ಡಾಕ್ಟ್ರಮ್ಮನ ಹತ್ತಿರ ಅವಳೊಬ್ಬಳೇ ಬಸ್ಸು ಹತ್ತಿ ಹೋಗಿ, ಬೆಂಚಿನ ಮೇಲೆ ಕೂತು, ಹೊಟ್ಟೆಗೆ ತಣ್ಣನೆಯ ಅಂಟು ಸವರಿಸಿಕೊಂಡು ಸ್ಕ್ಯಾನ್ ಮಾಡಿಸಿಕೊಂಡಿದ್ದಳು, ರಕ್ತ ಕೊಟ್ಟಿದ್ದಳು, ಮತ್ತೆ ಹೋಗಿದ್ದಳು. ಡಾಕ್ಟ್ರಮ್ಮ ಎಲ್ಲಾ ನೋಡಿ, ನಿಂಗೇನೂ ಇಲ್ಲಮ್ಮ, ಮುಂದಿನ ಸಲ ಗಂಡನ್ನ ಕರಕೊಂಡು ಬಾ, ಅವರದ್ದೂ ಒಂದು ಪರೀಕ್ಷೆ ಐತೆ, ಸಣ್ಣದು ಎಂದಿದ್ದರು. ಆ ಮಾತು ಮನೆಗೆ ಬಂದ ದಿನ ಅಜ್ಜಮ್ಮ ಡಾಕ್ಟ್ರಮ್ಮನಿಗೆ ಮಕ್ಕಳಿದ್ದಾವಾ ಎಂದು ಕೇಳಿದಳು. ಮಾಲತೇಶನಿಗೆ ಆ ವಾರ ಒಂದು ಗೇಟಿನ ಆರ್ಡರ್ ಇತ್ತು. ಮುಂದಿನ ವಾರವೂ ಇತ್ತು. ಎರಡು ವರ್ಷದಿಂದ ಸವಳಂಗದಲ್ಲಿ ಯಾರಾದರೊಬ್ಬರು ಗೇಟು ಮಾಡಿಸುತ್ತಲೇ ಇದ್ದರು.

ಮಾಲತೇಶ ಕೆಟ್ಟವನೇನಲ್ಲ. ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಇಷ್ಟಿದ್ದರೆ ಗಂಡಸನ್ನು ಒಳ್ಳೆಯವನೆಂದು ಕರೆಯುವ ನಾಡು ನಮ್ಮದು. ತಾಯಿ ಬೈಯುವಾಗ ಅವನು ಎದ್ದು ಬೈಕ್ ಒರೆಸುತ್ತಿದ್ದ. ಆ ಐದು ವರ್ಷದಲ್ಲಿ ಬೈಕಿಗೆ ಬಹಳ ಹೊಳಪು ಬಂದಿತ್ತು.

ಹೀಗಿರುವಾಗ ಅಜ್ಜಮ್ಮ ಒಂದು ತೀರ್ಮಾನಕ್ಕೆ ಬಂದಳು. ಅವಳ ಮಗಳು, ಮಾಲತೇಶನ ಅಕ್ಕ ಲಕ್ಷ್ಮಿದೇವಿಯನ್ನು ಕೆರೆಬಿಳಚಿಗೆ ಕೊಟ್ಟಿತ್ತು. ಲಕ್ಷ್ಮಿದೇವಿಯ ಮಗಳು ಚೈತ್ರಾ ಚನ್ನಗಿರಿಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಅಕ್ಕನ ಮಗಳೆಂದರೆ ಸೋದರಮಾವನಿಗೆ ಹಕ್ಕಿನ ಹುಡುಗಿ. ಇವಳನ್ನು ಮಾಲತೇಶನಿಗೆ ಎರಡನೆಯವಳಾಗಿ ತಂದುಕೊಂಡರೆ ಮನೆಯ ಹುಡುಗಿ ಮನೆಗೇ ಬಂದಂತಾಗುತ್ತದೆ. ಯಶೋಧರಾ ಬೇಕಾದರೆ ಇರಲಿ, ಅಡಿಗೆ ಮಾಡಿಕೊಂಡು. ಷಣ್ಮುಖಪ್ಪ ಮಾತ್ರ, ಎಲ್ಡನೇ ಮದುವಿ ಕಾನೂನಿನಾಗೆ ಇಲ್ಲ ಕಣೇ ಎಂದ. ಕಾನೂನು ಬಂದು ನಮ್ಮನೇಲಿ ತೊಟ್ಲು ತೂಗ್ತೈತಾ ಎಂದು ಅಜ್ಜಮ್ಮ ಕೇಳಿದ ಮೇಲೆ ಅವನು ಎಲೆಯಡಿಕೆ ಚೀಲ ಹುಡುಕಿದ. ಚೈತ್ರಾಳನ್ನು ಯಾರೂ ಕೇಳಲಿಲ್ಲ. ಕೇಳುವುದು ಬಿಟ್ಟುಹೋಯಿತೆಂದಲ್ಲ. ಕೇಳಬೇಕೆಂದು ಹೊಳೆಯಲಿಲ್ಲ.

ಆದರೂ ಅಜ್ಜಮ್ಮ ನ್ಯಾಯಸ್ಥಳು. ಸೊಸೆಗೆ ಒಂದು ಅವಕಾಶ ಕೊಡಬೇಕೆಂದು ಅವಳಿಗೇ ಅನ್ನಿಸಿತು. ಫಲ ಕೊಡದ ಗಿಡಕ್ಕೆ ಕೊಡಲಿ ತೋರಿಸುವ ಪದ್ಧತಿಯೊಂದು ಆ ಮನೆಯಲ್ಲಿತ್ತು. ಒಬ್ಬರು ಕೊಡಲಿ ಎತ್ತಿ ಕಡೀತೀನಿ ಎಂದು ಹೆದರಿಸುವುದು. ಇನ್ನೊಬ್ಬರು ಅಡ್ಡ ಬಂದು, ಬ್ಯಾಡ, ಈ ಸಲ ಬಿಡು, ಮುಂದಿನ ಸಲ ಕಾಯಿ ಕೊಡ್ತೈತೆ, ಅದಕ್ಕೆ ನಾನು ಜಾಮೀನು ಎಂದು ಬೇಡಿಕೊಳ್ಳುವುದು. ಗಿಡ ಕೇಳಿಸಿಕೊಂಡು ಹೆದರುತ್ತದೆ.

"ಯುಗಾದಿ ಅಮಾಸಿಗೆ ಕೊಡಲಿ ತೋರ್ಸಾನ," ಎಂದಳು ಅಜ್ಜಮ್ಮ. "ಶ್ರಾವಣದೊಳಗೆ ಗಿಡ ಕಾಯಿ ಕಚ್ಚಿದ್ರೆ ಇವಳಿಗೂ ಇನ್ನೊಂದು ವರ್ಷ ನೋಡಾನ. ಇಲ್ಲಾಂದ್ರೆ ಚೈತ್ರಾನ ತರಾನ."

ಹೀಗೆ ಯಶೋಧರಾಳ ಬಾಳು ಒಂದು ಗಂಡು ಪರಂಗಿ ಗಿಡ ಬಸಿರಾಗುವುದರ ಮೇಲೆ ನಿಂತಿತು.

ಅವಳು ತಾಯಿಗೆ ಫೋನ್ ಮಾಡಿದಳು. ಗಾದ್ರಮ್ಮ ಎಲ್ಲಾ ಕೇಳಿಸಿಕೊಂಡು, ಗಂಡು ಗಿಡಾನ ಯಾರಾದ್ರೂ ಅಂಗಳದಾಗೆ ಉಳಿಸ್ಕಂತಾರಾ ಎಂದು ಕೇಳಿದಳು. ಅಂಗಳದಾಗೆ ಅದನ್ನೇ ಉಳಿಸ್ಕಳ್ಳೋದು ಇಲ್ಲಿ ಎಂದಳು ಮಗಳು. ತಿಪ್ಪೆ ಗಿಡದ ಒಂದು ಕಾಯಿಯನ್ನು ತಂದು ದಾರದಲ್ಲಿ ಅಂಗಳದ ಗಿಡಕ್ಕೆ ಕಟ್ಟಿಬಿಡುವ ಯೋಚನೆಯೂ ಅವಳಿಗೆ ಬಂದದ್ದುಂಟು. ಆದರೆ ಒಂದು ಕಟ್ಟಿದರೆ ನಾಳೆ ಇನ್ನೊಂದು ಕೇಳುತ್ತಾರೆ, ನಾಡಿದ್ದು ತೊಟ್ಟಿಲಿಗೂ ಏನಾದರೂ ಕಟ್ಟಬೇಕಾಗುತ್ತದೆ ಎಂದು ಬಿಟ್ಟಳು.

ಅಮಾವಾಸ್ಯೆಯ ಹಿಂದಿನ ದಿನ ಕೆರೆಬಿಳಚಿಯಿಂದ ಲಕ್ಷ್ಮಿದೇವಿ ಮಗಳನ್ನು ಕರೆದುಕೊಂಡು ಬಂದಳು. ಬಂದವಳೇ ತಾಯಿಯ ಕಿವಿಯಲ್ಲಿ ಒಂದು ಸಲಹೆ ಇಟ್ಟಳು: ಗಿಡಕ್ಕೆ ಜಾಮೀನು ನಿಲ್ಲುವವಳು ಚೈತ್ರಾ ಆಗಲಿ. ಅಜ್ಜಮ್ಮನಿಗೆ ಬಹಳ ಹಿಡಿಸಿತು. ಗಿಡ ಕಾಯಿ ಬಿಟ್ಟರೆ ಚೈತ್ರಾಳ ಬಾಯಿಗುಣ, ಬಿಡದಿದ್ದರೆ ಯಶೋಧರಾಳ ಕೈಗುಣ. ಎರಡು ಕಡೆಯೂ ಲೆಕ್ಕ ಚುಕ್ತಾ.

ಸಂಜೆ ಯಶೋಧರಾ ಹಿತ್ತಲಲ್ಲಿ ಹಣ್ಣು ಕೊಯ್ಯುತ್ತಿದ್ದಳು. ಚೈತ್ರಾ ಬಂದು ಬುಟ್ಟಿ ಹಿಡಿದು ನಿಂತಳು. ಅವಳು ಸೋದರಮಾವನ ಹೆಂಡತಿಯನ್ನು ಅತ್ತೆ ಎನ್ನುತ್ತಿದ್ದಳು. ಬಸ್ಸಿನಲ್ಲಿ ಅಮ್ಮ ಎಲ್ಲಾ ಹೇಳಿದಳೆಂದೂ, ಮಾಮನ ಮನೆ ಅಂದ್ರೆ ನಿನ್ನ ಮನೇನೇ ಅಂದಳೆಂದೂ, ತನಗೆ ನ್ಯಾಮತಿ ದಾಟುವವರೆಗೂ ಅರ್ಥವೇ ಆಗಲಿಲ್ಲವೆಂದೂ ಹೇಳಿದಳು. ಕೊಯ್ದ ಹಣ್ಣಿನ ತೊಟ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು, ಯಶೋಧರಾ ಅದನ್ನು ಮಣ್ಣಿಗೆ ಒರೆಸಿದಳು.

"ಅತ್ತೆ, ಈ ಗಿಡ ಇಷ್ಟು ಕಾಯಿ ಬಿಟ್ಟೈತೆ. ಅದ್ಯಾಕೆ ಬಿಡಲ್ಲ?"

ಯಶೋಧರಾ ಒಂದು ಹೂ ಕಿತ್ತು ಅಂಗೈ ಮೇಲಿಟ್ಟು ತೋರಿಸಿದಳು. ಆಮೇಲೆ ಅಂಗಳಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಹೂ ತೋರಿಸಿದಳು. ಹೇಳಿದ್ದು ಬಹಳವೇನಿಲ್ಲ. ಚೈತ್ರಾ ಎರಡು ಹೂವನ್ನೂ ಎರಡು ಕೈಯಲ್ಲಿ ಹಿಡಿದು ನೋಡಿ, ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದಳು.

"ಮಾಮ ಪರೀಕ್ಷೆ ಮಾಡಿಸ್ಕಂಡಾನಾ?"

"ಅವ್ರಿಗೆ ಗೇಟಿನ ಆರ್ಡರ್ ಐತಂತೆ," ಎಂದಳು ಯಶೋಧರಾ.

ಮರುದಿನ ಬೆಳಿಗ್ಗೆ ಅಂಗಳ ಸಾರಿಸಿ, ಗಿಡದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟರು. ಚಪ್ಪಲಿ ಪೊರಕೆ ಮೇಲೆ ಜೋತಾಡುತ್ತಲೇ ಇದ್ದವು. ಪೂಜೆಗೆ ಅಡ್ಡಿಯೆಂದು ಯಾರಿಗೂ ಅನ್ನಿಸಲಿಲ್ಲ. ಪಕ್ಕದ ಮನೆಯ ಹೆಂಗಸರು ಕಟ್ಟೆಯ ಮೇಲೆ ಬಂದು ಕೂತರು. ಷಣ್ಮುಖಪ್ಪ ಕುರ್ಚಿ ಹಾಕಿಕೊಂಡ. ಯಶೋಧರಾಳಿಗೆ ದೂರ ನಿಲ್ಲಲು ಹೇಳಿದ್ದರು. ಅವಳು ಬಾಗಿಲ ಹತ್ತಿರ ನಿಂತಿದ್ದಳು.

ಮಾಲತೇಶ ಕೊಡಲಿ ಎತ್ತಿದ. ಕಬ್ಬಿಣ ಬೆಸೆಯುವ ಕೈಗೆ ಕಡಿಯುವ ಆಯುಧ ಅಷ್ಟು ಒಗ್ಗಿರಲಿಲ್ಲ. ತಾಯಿ ಹೇಳಿಕೊಟ್ಟ ಮಾತನ್ನು ಶಾಲೆಯ ಹುಡುಗನ ಹಾಗೆ ಒಪ್ಪಿಸಿದ.

"ಎರಡು ವರ್ಷ ಆತು, ಒಂದು ಕಾಯಿ ಕೊಡಲಿಲ್ಲ. ಇವತ್ತು ನಿನ್ನ ಕಡೀತೀನಿ."

ಎಲ್ಲರೂ ಚೈತ್ರಾಳ ಕಡೆ ನೋಡಿದರು. ಚೈತ್ರಾ ಮುಂದೆ ಬಂದು ನಿಂತಳು. ಅಡ್ಡ ಬರಲಿಲ್ಲ, ಪಕ್ಕಕ್ಕೆ ನಿಂತಳು.

"ಕಡಿ ಮಾಮ," ಎಂದಳು.

ಕಟ್ಟೆಯ ಮೇಲೆ ಯಾರೋ ನಕ್ಕರು. ಲಕ್ಷ್ಮಿದೇವಿ ಹಿಂದಿನಿಂದ, ಹಂಗಲ್ಲ ಕಣೇ, ಬ್ಯಾಡ ಅನ್ನು ಎಂದು ಪಿಸುಗುಟ್ಟಿದಳು. ಚೈತ್ರಾ ತಾಯಿಯ ಕಡೆ ತಿರುಗದೆ ಮಾತು ಮುಂದುವರಿಸಿದಳು.

"ಇದು ಗಂಡು ಗಿಡ. ಇದು ಕಾಯಿ ಕೊಡ್ತೈತೆ ಅಂತ ನಾನು ಜಾಮೀನು ನಿಲ್ಲಲ್ಲ. ಇದಕ್ಕೂ ನಿಲ್ಲಲ್ಲ, ಯಾರಿಗೂ ನಿಲ್ಲಲ್ಲ. ನಂಗೆ ಸೋಮವಾರದಿಂದ ಪರೀಕ್ಷೆ ಐತೆ, ನಾನು ಚನ್ನಗಿರಿಗೆ ಹೋಗ್ಬೇಕು."

ಮಾಲತೇಶನ ಕೊಡಲಿ ಮೇಲೆಯೇ ಇತ್ತು. ಇಳಿಸುವುದು ಹೇಗೆಂದು ತಾಯಿ ಹೇಳಿಕೊಟ್ಟಿರಲಿಲ್ಲ. ಬೇಡ ಎನ್ನುವವರಿಲ್ಲದಿದ್ದರೆ ಕಡಿಯಬೇಕು, ಅದು ಪದ್ಧತಿ. ಅಜ್ಜಮ್ಮನ ಬಾಯಿ ತೆರೆದೇ ಇತ್ತು. ಅದರಿಂದ ಅಪರೂಪಕ್ಕೆ ಏನೂ ಬರಲಿಲ್ಲ. ಮಾಲತೇಶನ ಮುಖ ಕೆಂಪಾಯಿತು. ಗಂಡು ಎಂಬ ಮಾತು ಆ ಅಂಗಳದಲ್ಲಿ ಮೊದಲ ಸಲ ದೂರಿನ ಹಾಗೆ ಕೇಳಿಸಿತ್ತು, ಅದೂ ಹೆಂಗಸರ ಮುಂದೆ. ಅವನು ಕೊಡಲಿಯನ್ನು ಇನ್ನೊಂದು ಗೇಣು ಮೇಲೆತ್ತಿದ, ಈಗ ನಿಜವಾಗಿಯೇ.

"ಬ್ಯಾಡ, ಬಿಡ್ರಿ," ಎಂದಳು ಯಶೋಧರಾ.

ಬಾಗಿಲಿಂದ ಇಳಿದು ಬಂದು ಗಿಡಕ್ಕೂ ಗಂಡನಿಗೂ ನಡುವೆ ನಿಂತಳು. ದನಿ ಏರಿಸಲಿಲ್ಲ. ಅವಳು ಮಾತಾಡಿದ್ದು ತರಕಾರಿಯವನಿಗೆ ಸೊಪ್ಪು ಬೇಡ ಎನ್ನುವಷ್ಟೇ ದನಿಯಲ್ಲಿ.

"ಗಂಡು ಅಂತ ಕಡಿಯಾಕಾಗ್ತೈತಾ. ಹಿತ್ತಲ ಗಿಡಕ್ಕೆ ಇದು ಬೇಕು. ಇದ್ರ ಹೂ ಇಲ್ದಿದ್ರೆ ಅದು ಕಾಯಿ ಕಟ್ಟಲ್ಲ. ಚಪ್ಪಲಿ ಕಟ್ಟಿದ್ರಿ, ಮೊಳೆ ಹೊಡೆದ್ರಿ, ಅದ್ರ ಕೆಲಸ ಅದು ಮಾಡೈತೆ. ಮಾಡೈತೋ ಇಲ್ವೋ ಅಂತ ನೋಡಾಕೆ ಹಿತ್ತಲಾಗೆ ಕಾಯಿ ಐತೆ." ಆಮೇಲೆ ಅದೇ ದನಿಯಲ್ಲಿ, "ನಿಮ್ದು ನೋಡಾಕೆ ಹೊನ್ನಾಳೀಲಿ ಲ್ಯಾಬ್ ಐತೆ," ಎಂದಳು.

ಕಟ್ಟೆಯ ಮೇಲೆ ಈ ಸಲ ಯಾರೂ ನಗಲಿಲ್ಲ. ನಗುವುದಕ್ಕಿಂತ ಒಳ್ಳೆಯದು ಸಿಕ್ಕಿತ್ತು. ಯಾವ ಮಾತೂ ತಪ್ಪಿಹೋಗದಂತೆ ಅವರು ಕಿವಿ ಕೊಟ್ಟು ಕೂತಿದ್ದರು. ಅಜ್ಜಮ್ಮನಿಗೆ ಕೊನೆಗೆ ದನಿ ಬಂತು. ಬಂಜೆಗೆ ಬಾಯಿ ಬೇರೆ ಎಂದು ಶುರು ಮಾಡಿದಳು, ಜಗಳೂರಿನ ನೀರಿಗೂ ಗಾದ್ರಮ್ಮನ ಸಾಕುವಿಕೆಗೂ ಒಂದೊಂದು ಮಾತು ಹೇಳಿದಳು. ಅಷ್ಟರಲ್ಲಿ ಷಣ್ಮುಖಪ್ಪ ಕುರ್ಚಿಯಿಂದ ಎದ್ದು ಗಿಡದ ಹತ್ತಿರ ಬಂದು, ಒಂದು ಹೂಗೊಂಚಲನ್ನು ಹಿಡಿದು ಬಗ್ಗಿಸಿ ನೋಡಿ, ಅವತ್ತು ಗಟ್ಟಿಯಾಗೈತೆ ಅಂತ ಇದನ್ನ ಉಳಿಸಿದ್ದು ನೀನೇ ಅಲ್ವೇನೇ ಎಂದು ಹೆಂಡತಿಯನ್ನು ಕೇಳಿದ. ಆಮೇಲೆ ಮತ್ತೆ ಹೋಗಿ ಕೂತ. ಐದು ವರ್ಷದಲ್ಲಿ ಅವನು ಸೊಸೆಯ ಪರವಾಗಿ ಆಡಿದ್ದು ಅಷ್ಟೇ, ಅದೂ ಗಿಡದ ಬಗ್ಗೆ.

ಯಶೋಧರಾ ಒಳಗೆ ಹೋಗಿ ಬ್ಯಾಗು ತಂದಳು. ಅದು ಆಗಲೇ ತುಂಬಿತ್ತು. ಶ್ರಾವಣದ ತನಕ ಗಿಡದ ಹೊಟ್ಟೆ ನೋಡಿಕೊಂಡು ಕೂರಲು ತನ್ನಿಂದಾಗುವುದಿಲ್ಲ, ತವರಲ್ಲಿರುತ್ತೇನೆ, ಲ್ಯಾಬಿಗೆ ಹೋದ ದಿನ ಫೋನ್ ಮಾಡಿ, ಹೋಗದಿದ್ದರೆ ಮಾಡಬೇಡಿ ಎಂದು ಗಂಡನಿಗೆ ಹೇಳಿದಳು. ಎರಡನೇ ಮದುವೆಯ ಕಾಗದ ಅಚ್ಚಾದರೆ ಒಂದು ಪ್ರತಿ ಜಗಳೂರಿಗೂ ಕಳಿಸಿ, ಪೊಲೀಸ್ ಸ್ಟೇಷನ್ನಿಗೆ ಕೊಡಲು ಬೇಕಾಗುತ್ತದೆ ಎಂದು ಲಕ್ಷ್ಮಿದೇವಿಗೆ ಹೇಳಿದಳು. ಅತ್ತೆಗೆ, ಹಿತ್ತಲ ಗಿಡದ ಮೂರು ಕಾಯಿ ಹಣ್ಣಿಗೆ ಬಂದಾವೆ, ಗುಬ್ಬಿ ಕುಕ್ಕೋದ್ರೊಳಗೆ ಕೊಯ್ಯಿರಿ ಎಂದಳು.

ಸರ್ಕಲ್ಲಿನ ತನಕ ಬ್ಯಾಗನ್ನು ಚೈತ್ರಾ ಹಿಡಿದಳು. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಉಚಿತ. ಸರ್ಕಾರ ಇದನ್ನು ಮಾಡಿದ್ದೇ ಸೊಸೆಯಂದಿರನ್ನು ಕೆಡಿಸಲು ಎಂದು ಅಜ್ಜಮ್ಮ ಸಂಜೆಯವರೆಗೆ ಬೀದಿಯಲ್ಲಿ ವಾದಿಸಿದಳು. ಒಪ್ಪಿದವರೂ ಇದ್ದರು.

ಜಗಳೂರಿನ ಕಡೆ ಗಾದ್ರಮ್ಮ ಮಗಳನ್ನು ಏನೂ ಕೇಳಲಿಲ್ಲ. ಹೊಸ ಗುಂಡಿ ತೆಗೆಸಿದಳು. ತಾಯಿ ಮಗಳು ಒಂದೊಂದು ಗುಂಡಿಗೆ ನಾಲ್ಕು ನಾಲ್ಕು ಸಸಿ ಇಟ್ಟರು. ಬೀದಿಯವರು ಎಷ್ಟು ದಿನ ಇರ್ತೀಯವ್ವ ಎಂದು ಕೇಳಿದರೆ ಯಶೋಧರಾ, ಹೂ ಬರೋ ತನಕ ಎನ್ನುತ್ತಿದ್ದಳು. ಅದು ಅವರಿಗೆ ಸರಿಯಾದ ಉತ್ತರವಾಗಿಯೇ ಕೇಳಿಸುತ್ತಿತ್ತು.

ಫೋನು ಬಹಳ ದಿನ ಬರಲಿಲ್ಲ. ಸಸಿಗಳು ಮೊಣಕಾಲು ಮಟ್ಟ ಬಂದವು. ಸವಳಂಗದಲ್ಲಿ ಅಜ್ಜಮ್ಮ ಮಗನಿಗೆ ಬೇರೆ ಕಡೆ ಹೆಣ್ಣು ಕೇಳಿಸಿದಳಂತೆ. ಆದರೆ ಅಮಾವಾಸ್ಯೆಯ ಮಾತು ಅವಳಿಗಿಂತ ಮುಂಚೆ ಹೋಗಿ ಕೂತಿರುತ್ತಿತ್ತಂತೆ. ಹೆಣ್ಣಿನ ಕಡೆಯವರು ಕಾಫಿ ಕೊಟ್ಟು, ಹುಡುಗನ್ನ ಹೊನ್ನಾಳಿಗೆ ಕರ್ಕೊಂಡು ಹೋಗಿದ್ರಾ ಎಂದು ಕೇಳುತ್ತಿದ್ದರಂತೆ. ಇದನ್ನೆಲ್ಲ ಹೇಳಿದವಳು ಚೈತ್ರಾ, ಚನ್ನಗಿರಿಯ ಬಸ್‌ಸ್ಟ್ಯಾಂಡಿನಿಂದ, ಪರೀಕ್ಷೆ ಮುಗಿದ ದಿನ.

ಒಂದು ಬೆಳಿಗ್ಗೆ ಯಶೋಧರಾ ಸಸಿಗೆ ಬಚ್ಚಲ ನೀರು ತಿರುಗಿಸುತ್ತಿದ್ದಾಗ ಫೋನು ಬಂತು. ಮಾಲತೇಶ. ಹಿಂದೆ ಯಾರೋ ಹೆಸರು ಕೂಗುತ್ತಿದ್ದರು, ಮಗುವೊಂದು ಅಳುತ್ತಿತ್ತು.

"ಬಂದೀನಿ," ಎಂದ. "ಲ್ಯಾಬಿನಾಗೆ ಇದ್ದೀನಿ."

"ಹ್ಞೂಂ."

"ಮೊಳೆ ಕಿತ್ತೆ. ಗಿಡದ್ದು."

"ಹ್ಞೂಂ."

ಅವನು ದನಿ ತಗ್ಗಿಸಿದ. "ಬೆಂಚಿನ ತುಂಬ ಬರೀ ಹೆಂಗಸ್ರೇ ಕುಂತಾರೆ ಕಣೇ. ಎಲ್ರೂ ನನ್ನೇ ನೋಡ್ತಾರೆ. ನಂಗೆ ಒಂಥರಾ ಆಗ್ತೈತೆ. ನಾಳೆ ಬರ್ಲಾ ಅಂತ."

ಯಶೋಧರಾ ನೀರಿನ ಕಾಲುವೆಯನ್ನು ಕಾಲಿನಿಂದ ಮುಂದಿನ ಗುಂಡಿಗೆ ತಿರುಗಿಸಿದಳು.

"ಕುಂತ್ಕಳ್ರಿ," ಎಂದಳು. "ಹೆಸರು ಕೂಗ್ತಾರೆ."